‘ಸೆಟ್’ಗೆ ಎಷ್ಟು ಅರ್ಥ? ಕೊನೇ ಸಲ ಹೇಳ್ತಿದ್ದೇನೆ

ಶಿವಮೊಗ್ಗದಲ್ಲಿ ಇಂಗ್ಲಿಷ್ ಪಾಠ ಮಾಡುವವನು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ: “ಇಂಗ್ಲಿಷಿನಲ್ಲಿ ಅತಿ ಜಾಸ್ತಿ ಅರ್ಥ ಇರೋ ಪದ ಯಾವುದು ಸಾರ್?” ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಜಿ.ಕೆ. ಪುಸ್ತಕದಲ್ಲಿ ಓದಿರುತ್ತಾರೆ. ನನಗೂ ಗೊತ್ತಾ ಅಂತ ನೋಡಬೇಕು, ಅಷ್ಟೇ.

ಸರಿ, ಬರೆದುಬಿಡುತ್ತೇನೆ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದ್ದರು. ಆಮೇಲೆ ನಿಘಂಟನ್ನು ತಿದ್ದುತ್ತಾ ಬಂದ ಹಾಗೆ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’ ಅದನ್ನು ಹಿಂದೆ ಹಾಕಿದವು. 2011ರಲ್ಲಿ ‘ರನ್’ 645 ಅರ್ಥ ಹೊತ್ತು ಬಂತು. ಅದೊಂದು ಕ್ರಿಯಾಪದಕ್ಕೇ ಪೀಟರ್ ಗಿಲಿವರ್ ಅನ್ನುವ ಸಂಪಾದಕರು 9 ತಿಂಗಳು ಕೂತಿದ್ದರು. ಆಯ್ತಲ್ಲ?

ಆಗಲ್ಲ. ತೀರ್ಥಹಳ್ಳಿ ಕಡೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಎಲೆಗೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ಪಕ್ಕದಲ್ಲಿದ್ದ ಹಿರಿಯರು, “ಮೇಷ್ಟ್ರೇ, ಸೆಟ್ ಅನ್ನೋದಕ್ಕೆ 430 ಅರ್ಥ ಇದೆಯಂತಲ್ಲ. ಎಲ್ಲಿ, ಹೇಳಿ ನೋಡೋಣ” ಅಂದರು. ಈ ‘ಹೇಳಿ ನೋಡೋಣ’ ಇದೆಯಲ್ಲ, ಅದೇ ನನಗೆ ಆಗಿಬರದ್ದು. ಅವರ ತೋಟಕ್ಕೆ ಹೋಗಿ, ಎಲ್ಲಿ, ಅಡಿಕೆ ಮರ ಒಂದೊಂದಾಗಿ ಎಣಿಸಿ ನೋಡೋಣ ಅಂತ ನಾನು ಕೇಳ್ತೀನಾ?

ತುಪ್ಪ ಹಾಕಿಸಿಕೊಂಡು ಸುಮ್ಮನಾದೆ. ಅವರು ಸುಮ್ಮನಾಗಲಿಲ್ಲ. ಮೈಕ್‌ಸೆಟ್ಟಿನವನ ಗಲಾಟೆಗೆ ಬೈದರು. ಈ ಸಂಬಂಧ ಸೆಟ್ ಆಗೋಕೆ ಯಾರ್ಯಾರು ಓಡಾಡಿದರು ಅಂತ ವಿವರಿಸಿದರು. ಮನೆಯ ಪಂಪ್‌ಸೆಟ್ ಸುಟ್ಟುಹೋಗಿತ್ತು. ಹೊಸ ಹಲ್ಲುಸೆಟ್ ಒತ್ತುತ್ತಿತ್ತು. ಅಂಗಳದ ಸಿಮೆಂಟ್ ಸೆಟ್ ಆಗೋ ಮೊದಲೇ ಮಳೆ ಹೊಯ್ದಿತ್ತು. ಇಷ್ಟನ್ನೂ ನನ್ನ ಸಹಾಯ ಇಲ್ಲದೆ ಹೇಳಿದರು, ನಾನೂ ನಿಘಂಟು ಇಲ್ಲದೆ ಕೇಳಿದೆ.

ಇದರಲ್ಲಿ ಅರ್ಥ ಎಷ್ಟು? ಮೈಕು, ಪಂಪು, ಹಲ್ಲು ಮೂರನ್ನೂ ‘ಒಟ್ಟಿಗಿರುವ ಸಾಮಾನು’ ಅಂತ ಒಂದೇ ಕಡೆ ಹಾಕಬಹುದು. ಮೂರಾಗಿ ಬಿಡಿಸಿಯೂ ಬರೆಯಬಹುದು. ಲೆಕ್ಕ ಬರೆಯುವವರ ಕೈಯಲ್ಲಿದೆ. ಮೇಲಾಗಿ ಆ 430 ಬರೀ ಕ್ರಿಯಾಪದದ ಲೆಕ್ಕ. ಪಂಪ್‌ಸೆಟ್ಟಿನ ಸೆಟ್ ನಾಮಪದ, ಅದು ಅದರೊಳಗೆ ಬರೋದೇ ಇಲ್ಲ. ಹುಟ್ಟೂ ಬೇರೆ. ಸಿಮೆಂಟಿನ ಸೆಟ್ ಹಳೆ ಇಂಗ್ಲಿಷಿನದು, ಮೂಲದಲ್ಲಿ ‘ಕೂರಿಸು’ ಅಂತ. ಸಾಮಾನಿನ ಸೆಟ್ ಲ್ಯಾಟಿನ್ನಿನಿಂದ ಹಳೆ ಫ್ರೆಂಚ್ ಹಾದು ಬಂದದ್ದು. ಆಮೇಲೆ ಎರಡೂ ಬೆರೆತವು. ಇದನ್ನು ಯಾರಾದರೂ ಕೇಳಿದರೆ ಖುಷಿಯಾಗಿ ಹೇಳುತ್ತಿದ್ದೆ. ಕೇಳುವುದು ಬರೀ ಸಂಖ್ಯೆ.

ಅದಕ್ಕಿಂತ, ನಮ್ಮ ‘ಹೊಡೆ’ಗೆ ಎಷ್ಟು ಅರ್ಥ ಅಂತ ಯಾಕೆ ಯಾರೂ ಕೇಳಲ್ಲ? ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆ ಗೊನೆಗೆ ಔಷಧಿ ಹೊಡೀತೀವಿ. ಅದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ, ಗೊನೆಗೆ ಪೆಟ್ಟೇನೂ ಬೀಳಲ್ಲ. ಗೋಡೆಗೆ ಬಣ್ಣ ಹೊಡೀತೀವಿ, ಪರೀಕ್ಷೆಯಲ್ಲಿ ಕಾಪಿ ಹೊಡೀತೀವಿ, ಜಗಲಿ ಮೇಲೆ ಪಟ್ಟಾಂಗ ಹೊಡೀತೀವಿ. ಗಬ್ಬುವಾಸನೆಯಂತೂ ತಾನೇ ಹೊಡೆಯುತ್ತೆ. ‘ಹೊಡೆ’ಯಿಂದ ಹೊಡೆತ ಯಾವಾಗ, ಹೇಗೆ ಜಾರಿಹೋಯಿತು? ಗೊರಕೆ ಹೊಡೆಯುವವನು ಹೊಡೆಯುವುದು ಯಾರಿಗೆ? ಈ ಕೊನೆಯದಕ್ಕೆ ಮಾತ್ರ ಅವನ ಪಕ್ಕದಲ್ಲಿ ಮಲಗಿದವರನ್ನೇ ಕೇಳಬೇಕು.