ಕನ್ನಡದ ನಡುವೆ ಇಂಗ್ಲಿಷ್ ಸಾಲು ಯಾಕೆ ಉಳಿಯುತ್ತದೆ?

"ಕನ್ನಡ ಆರಿಸಿಕೊಂಡ್ರೂ ನಡುನಡುವೆ ಇಂಗ್ಲಿಷೇ ಬರುತ್ತಲ್ಲ, ಪೂರ್ತಿ ಮಾಡೋಕೆ ನಿಮಗೇನು ಕಷ್ಟ?"

ನಾನು ಮುಕ್ತ ತಂತ್ರಾಂಶಗಳನ್ನು ಕನ್ನಡಕ್ಕೆ ತರುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಇನ್ನು ಮೇಲೆ ಬಾಯಲ್ಲಿ ಉತ್ತರ ಕೊಡುವುದಿಲ್ಲ. ಇಲ್ಲೇ ಓದಿಕೊಳ್ಳಿ.

ಪೂರ್ತಿ ಮಾಡಿದ್ದೆವು. ಆಮೇಲೆ ಇಂಗ್ಲಿಷ್ ಬದಲಾಯಿತು.

ಇಂಥ ತಂತ್ರಾಂಶಗಳಲ್ಲಿ ಇಂಗ್ಲಿಷ್ ಸಾಲಿನ ಬದಲು ಅನುವಾದ ತೋರಿಸಲು ಜಾಸ್ತಿ ಬಳಸುವ ಸಾಧನ ಗೆಟ್‌ಟೆಕ್ಸ್ಟ್. ಅದು ಕನ್ನಡವನ್ನು ಹುಡುಕುವುದು ಇಂಗ್ಲಿಷ್ ಸಾಲನ್ನು ಹಿಡಿದೇ. ಅಕ್ಷರಕ್ಕೆ ಅಕ್ಷರ ಹೊಂದಬೇಕು. ಯಾರೋ ಕೊನೆಗೊಂದು ಪೂರ್ಣವಿರಾಮ ಹಾಕಿದರೂ ಅದು ಹೊಸ ಸಾಲು. ಹಳೆಯ ಅನುವಾದದ ಮೇಲೆ 'ಫಜಿ', ಅಂದರೆ ಇನ್ನೊಮ್ಮೆ ನೋಡಬೇಕು, ಅಂತ ಗುರುತು ಬೀಳುತ್ತದೆ. ನಾವು ಮತ್ತೆ ನೋಡಿ ಒಪ್ಪುವ ತನಕ ನಿಮಗೆ ಕಾಣುವುದು ಇಂಗ್ಲಿಷೇ.

ಕಮಾಂಡ್ ಜೊತೆ ಕೊಡುವ ಆಯ್ಕೆಗಳ (ಆಪ್ಷನ್) ವಿವರಣೆಯಲ್ಲಂತೂ ಈ ಕಾಟ ವಿಪರೀತ. ಆವೃತ್ತಿಯ ಮಾಹಿತಿ ತೋರಿಸುವ ಆಯ್ಕೆಗೆ ಒಂದು ಕಡೆ 'ಶೋ', ಇನ್ನೊಂದು ಕಡೆ 'ಪ್ರಿಂಟ್', ಮತ್ತೊಂದು ಕಡೆ 'ಡಿಸ್‌ಪ್ಲೇಯ್ಸ್'. ಕೆಲಸ ಒಂದೇ, ನಮಗೆ ಮೂರು ಸಾಲು. ಪದ ಬೇರೆ ಆದದ್ದು ಬೇಕಂತಲೋ, ಸುಮ್ನೆಯೋ? ಒಬ್ಬರು 'ತೋರಿಸು' ಅಂತ ಹಾಕುತ್ತಾರೆ, ಇನ್ನೊಬ್ಬರು 'ಮುದ್ರಿಸುತ್ತದೆ' ಅಂತ. ಆಮೇಲೆ ಬೈಗುಳ ನಮಗೆ.

ಬಸವನಗುಡಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟಕ್ಕೆ ಪಕ್ಕದಲ್ಲಿ ಕೂತ ಹುಡುಗ ಪ್ರೋಗ್ರಾಂ ಬರೆಯುವವನು. "ಸುಮ್ನೆ ಮೆಷಿನ್ ಅನುವಾದಕ್ಕೆ ಹಾಕಿಬಿಡಿ ಮಾವ" ಅಂದ. ಹೊಸ ಆಯ್ಕೆಗೆ ವಿವರಣೆ ಬರೆಯುವಾಗ ಮೇಲಿನ ಸಾಲು ಹೇಗಿದೆ ಅಂತ ನೋಡ್ತೀಯಾ ಅಂತ ಕೇಳಿದೆ. "ಅದನ್ನೆಲ್ಲ ಯಾರು ಓದ್ತಾರೆ?" ಅಂದ.

ನಾವು ಓದುತ್ತೇವೆ. ಪ್ರತಿ ಸಾಲನ್ನೂ. ಅದನ್ನು ನೆಚ್ಚಿಕೊಂಡು ಕನ್ನಡದಲ್ಲೇ ಕಂಪ್ಯೂಟರ್ ಕಲಿಯುವವರೂ ಓದುತ್ತಾರೆ. ಮೆಷಿನ್ನಾದರೂ ಮೂರು ಥರದ ಇಂಗ್ಲಿಷಿಗೆ ಮೂರು ಥರದ ಕನ್ನಡವನ್ನೇ ಕೊಡುತ್ತದೆ, ಅಲ್ವಾ?

ಇಷ್ಟೊಂದು ಜನ ಪ್ರೋಗ್ರಾಂ ಬರೆಯುವ ಬೆಂಗಳೂರಿನಲ್ಲಿ ಒಬ್ಬರಾದರೂ "ನಾನು ಹೇಗೆ ಬರೆದರೆ ನಿಮಗೆ ಸುಲಭ?" ಅಂತ ಕೇಳಲಿ ಅನ್ನುವುದು ನನ್ನ ಆಸೆ. ಕ್ರಿಯಾಪದ ಒಂದನ್ನೇ ಹಿಡಿಯಿರಿ. ಅದರ ರೂಪವೂ ಒಂದೇ ಇರಲಿ. ಗ್ನೂ ಕೋರ್‌ಯುಟಿಲ್ಸ್ ಅನ್ನುವ ಮೂಲ ಕಮಾಂಡ್‌ಗಳ ಕಟ್ಟು ನೋಡಿ. ಕಡತಗಳ ಪಟ್ಟಿ ಕೊಡುವ ಎಲ್‌ಎಸ್, ನಕಲು ಮಾಡುವ ಸಿಪಿ ಥರದ ಕಮಾಂಡ್‌ಗಳಿಗೆಲ್ಲ ಸಹಾಯ ಮತ್ತು ಆವೃತ್ತಿಯ ವಿವರಣೆಯನ್ನು ಒಂದೇ ಕಡೆ ಬರೆದಿಟ್ಟಿದ್ದಾರೆ. ಅನುವಾದ ಒಂದೇ ಸಲ. ಅಲ್ಲೂ ಒಂದು 'ಡಿಸ್‌ಪ್ಲೇ', ಇನ್ನೊಂದು 'ಔಟ್‌ಪುಟ್'. ಆದರೂ ಎಷ್ಟೋ ವಾಸಿ. ಪದ ತಿದ್ದಲೇಬೇಕಾದರೆ ಎಲ್ಲವನ್ನೂ ಒಟ್ಟಿಗೆ ತಿದ್ದಿ. ಬಿಡುಗಡೆಗೆ ಮೊದಲು ನಮಗೆ ಸಮಯ ಕೊಡಿ.

ಹಾಗೆ ಬರೆದ ಪ್ರೋಗ್ರಾಂ ನಿಮ್ಮ ಹತ್ತಿರ ಇದ್ದರೆ ಕಳಿಸಿ. ಅದರ ಕನ್ನಡ ನಾನು ಮಾಡಿಕೊಡುತ್ತೇನೆ.