ಚಿಕ್ಕಮಗಳೂರಿಗೆ ಬೈಕ್ ರೇಸ್ ನೋಡಲು ಹೋದರೆ, ಮುಗಿದ ಕೂಡಲೇ ಹೊರಡಬೇಡಿ

ಕಾಫಿ ತೋಟದ ಮಣ್ಣುದಾರಿಯಲ್ಲಿ ನಡೆಯುವ ಬೈಕ್ ರೇಸನ್ನು ನೋಡಬೇಕೆಂಬುದು ನನ್ನ ಭಾವಮೈದುನನ ಬಹುದಿನದ ಆಸೆಯಾಗಿದ್ದರಿಂದ, ಹಾಸನದಿಂದ ಬೇಲೂರು ಮಾರ್ಗವಾಗಿ ಇಬ್ಬರೂ ಒಂದೇ ಬೈಕಿನಲ್ಲಿ ಹೊರಟೆವು. ಅಪಾಯವೇನಿದ್ದರೂ ಸ್ಪರ್ಧಿಗಳಿಗೆ ಎಂದು ಭಾವಿಸಿದ್ದೆ. ನನ್ನನ್ನು ಹೆದರಿಸಿದ್ದು ಮಾತ್ರ ರೇಸ್ ಮುಗಿಸಿ ಡಾಂಬರು ರಸ್ತೆಗೆ ಇಳಿದ ಪ್ರೇಕ್ಷಕರು.

ಫೋನಿನಲ್ಲಿ 1,200 ರೂಪಾಯಿ ಎಂದಿದ್ದ ಲಾಡ್ಜಿನವರು, ನಾವು ಬ್ಯಾಗು ಇಳಿಸಿದ ಮೇಲೆ 3,500 ಕೇಳಿದರು. ಬಿಸಿನೀರು ಬರಲಿಲ್ಲ, ಕಿಟಕಿಯ ಕೆಳಗೆ ಸೈಲೆನ್ಸರ್ ಬದಲಿಸಿದ ಬೈಕುಗಳ ಆರ್ಭಟ ರಾತ್ರಿ ಎರಡರವರೆಗೂ ನಿಲ್ಲಲಿಲ್ಲ. ನಿದ್ದೆಗೆಟ್ಟ ಕಣ್ಣಿನಲ್ಲಿ ಬೆಟ್ಟದ ತಿರುವು ಹತ್ತುವುದಕ್ಕಿಂತ ಬೇಲೂರಿನಲ್ಲೋ ಹಾಸನದಲ್ಲೋ ಮಲಗಿ, ಬೆಳಗಿನ ಬಸ್ಸಿಗೆ ಬರುವುದೇ ಲೇಸು.

ಬೇಲೂರು ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಒಂದು ಹೋಟೆಲ್ ಇದೆ. ಬಾಳೆ ಎಲೆಯ ಮೇಲೆ ತಟ್ಟಿ, ಕಾದ ಹೆಂಚಿಗೆ ಮಗುಚಿ, ಎಲೆ ಬಾಡಿದೊಡನೆ ಸುಲಿದು ತೆಗೆಯುವ ಅಕ್ಕಿರೊಟ್ಟಿ, ಅದರ ಪಕ್ಕಕ್ಕೆ ಹುಚ್ಚೆಳ್ಳಿನ ಚಟ್ನಿ, ಮೇಲೊಂದು ಚಮಚ ಬೆಣ್ಣೆ. ಇಬ್ಬರೂ ಹೊಟ್ಟೆ ತುಂಬ ತಿಂದು ಕಾಫಿ ಕುಡಿದರೂ 140 ರೂಪಾಯಿ ದಾಟಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಅಮ್ಮ ಹೇಳಿದ್ದು ಇಷ್ಟು: “ರೇಸಿನ ದಿನ ಸಾಯಂಕಾಲ ಈ ಹುಡುಗ್ರೆಲ್ಲ ಹೋಗೋ ತನಕ ನಾವು ರಸ್ತೆ ದಾಟಲ್ಲ ಕಣಪ್ಪ.”

ಆ ಮಾತಿನ ಅರ್ಥ ಮಧ್ಯಾಹ್ನ ನಾಲ್ಕಕ್ಕೆ ತಿಳಿಯಿತು. ರೇಸ್ ಮುಗಿದೊಡನೆ ನೂರಾರು ಬೈಕುಗಳು ಒಟ್ಟಿಗೆ ಮುಳ್ಳಯ್ಯನಗಿರಿ ಬೆಟ್ಟದ ದಾರಿಯಲ್ಲಿರುವ ಕೈಮರದ ಕಡೆಗೆ ತಿರುಗಿದವು. ತೋಟದಿಂದ ಹೊರಬಂದ ಟ್ರ್ಯಾಕ್ಟರಿನ ಚಕ್ರಗಳು ತಿರುವಿನಲ್ಲಿ ಕೆಂಪು ಕೆಸರು ಬಿಟ್ಟು ಹೋಗಿದ್ದವು. ಎದುರಿನಿಂದ ಬಸ್ಸು ಬಂದಿತೆಂದು ನಮ್ಮ ಮುಂದಿದ್ದ ಹುಡುಗ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದ. ಚಕ್ರ ಕೆಸರಿನ ಮೇಲೆ ಜಾರಿ, ಬೈಕು ಅವನನ್ನು ಬೇಲಿಯವರೆಗೆ ಎಳೆದೊಯ್ದಿತು. ಹೆಲ್ಮೆಟ್ ಕನ್ನಡಿಗೆ ನೇತುಬಿದ್ದಿತ್ತು. ಸುತ್ತ ನಿಂತವರು ಮೊಬೈಲ್ ಹಿಡಿದಿದ್ದರೇ ಹೊರತು, ಪೊಲೀಸ್ ಗೊಡವೆ ಯಾಕೆಂದು ಯಾರೂ ಮುಟ್ಟಲಿಲ್ಲ. ಗಾಯಾಳುವಿಗೆ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯಿಂದಲೇ ರಕ್ಷಣೆ ಇದೆ. 108ಕ್ಕೆ ಕರೆ ಮಾಡಿದ್ದು ನನ್ನ ಭಾವಮೈದುನ. ಆಂಬುಲೆನ್ಸ್ ಬಂದರೂ, ಎರಡೂ ಬದಿ ಬೈಕು ನಿಂತಿದ್ದರಿಂದ ಕೊನೆಯ ಅರ್ಧ ಕಿಲೋಮೀಟರ್ ಸ್ಟ್ರೆಚರ್ ಹೊತ್ತೇ ಸಾಗಬೇಕಾಯಿತು.

ಸಾರ್ವಜನಿಕ ರಸ್ತೆಯಲ್ಲೇ 1907ರಿಂದ ಟಿಟಿ (ಟೂರಿಸ್ಟ್ ಟ್ರೋಫಿ) ಬೈಕ್ ರೇಸ್ ನಡೆಸುತ್ತಿರುವ, ಬ್ರಿಟನ್-ಐರ್ಲೆಂಡ್ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿಯೂ, ಸುಮಾರು 60 ಕಿಲೋಮೀಟರಿನ ಅದೇ ಹಾದಿಯಲ್ಲಿ ಸ್ಪರ್ಧಿಗಳನ್ನು ಅನುಕರಿಸಲು ಹೋಗುವ ಪ್ರವಾಸಿಗಳದ್ದೇ ತಲೆನೋವು. ಆದ್ದರಿಂದ ಉತ್ಸವದ ದಿನಗಳಲ್ಲಿ ಅಲ್ಲಿ ಬೆಟ್ಟದ ರಸ್ತೆಯನ್ನು ಏಕಮುಖ ಮಾಡುತ್ತಾರೆ. ಮುಖಾಮುಖಿ ಡಿಕ್ಕಿಯ ಅಪಾಯ ಬಹಳ ಕಡಿಮೆಯಾಗುತ್ತದೆ. ಸೀತಾಳಯ್ಯನಗಿರಿಯಿಂದ ಮುಳ್ಳಯ್ಯನಗಿರಿಗೆ ಹೋಗುವ ಕಿರಿದಾದ ದಾರಿ ಅಲ್ಲಿಗೇ ಕೊನೆಯಾಗುವುದರಿಂದ ನಮ್ಮಲ್ಲಿ ಅದು ಆಗದು. ಆದರೆ ಗಂಟೆಗೊಮ್ಮೆ ದಿಕ್ಕು ಬದಲಿಸಿ, ಒಮ್ಮೆ ಹತ್ತುವವರನ್ನು, ಒಮ್ಮೆ ಇಳಿಯುವವರನ್ನು ಬಿಡಬಹುದು. ರೇಸಿನ ದಿನ ಬೆಟ್ಟಕ್ಕೆ ಬೈಕುಗಳನ್ನೇ ಬಿಡದೆ, ಊರಿನಿಂದ ಬಸ್ಸು ಓಡಿಸಿದರೆ ಇನ್ನೂ ಒಳ್ಳೆಯದು ಎಂಬುದು ಜನಜಂಗುಳಿ ಸಹಿಸದ ನನ್ನ ಅಭಿಪ್ರಾಯ. ಭಾವಮೈದುನ ಇದನ್ನು ಒಪ್ಪುವುದಿಲ್ಲ. ತೋಟದ ಗೇಟುಗಳ ಬಳಿ ಕೆಸರು ಗುಡಿಸಲು ಇಬ್ಬರು ಆಳುಗಳನ್ನು ನಿಲ್ಲಿಸಲು ಮಾತ್ರ ಯಾರ ಒಪ್ಪಿಗೆಯೂ ಬೇಕಿಲ್ಲ. ಅನುಮತಿಯಿಲ್ಲದೆ ರಸ್ತೆಯಲ್ಲಿ ರೇಸಿಗಿಳಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಮೊದಲ ಸಲವೇ 5,000 ರೂಪಾಯಿವರೆಗೆ ದಂಡವೋ ಮೂರು ತಿಂಗಳವರೆಗೆ ಸಜೆಯೋ ಆಗಬಹುದೆಂದು ಪ್ರವೇಶದ್ವಾರದಲ್ಲಿ ಒಂದು ಫಲಕವನ್ನಾದರೂ ಹಾಕಬಹುದಿತ್ತು.

ನಾವು ಬೆಟ್ಟ ಹತ್ತದೆ, ಅದೇ ಹೋಟೆಲಿಗೆ ಮರಳಿ ಎರಡನೆಯ ಸುತ್ತು ರೊಟ್ಟಿ ತಿನ್ನುತ್ತ ಕುಳಿತೆವು. ಆರೂವರೆಗೆ ಅಮ್ಮ ಕೊಡ ಹಿಡಿದು ರಸ್ತೆ ದಾಟಿದ್ದನ್ನು ನೋಡಿದ ಮೇಲೆಯೇ ಬೈಕಿಗೆ ಕೀಲಿ ಹಾಕಿದೆವು.