ಒಂದು ಕಲ್ಲು ಮತ್ತು ಒಂದು ಹಾಳೆತುಂಡು

ನಮ್ಮ ಫಿಸಿಕ್ಸ್ ಮಾಷ್ಟ್ರು ತೀರಿಹೋದ್ರು ಅಂತ ಶಾಲೆಯ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಾಗ ನಾನು ಸೈಟಲ್ಲಿದ್ದೆ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿಸ್ತಾ ಇದ್ದೆ. ಫಿಸಿಕ್ಸ್ ಪುಸ್ತಕದಲ್ಲಿ ಎಂತ ಇತ್ತು ಕೇಳಿದ್ರೆ ಒಂದು ಪುಟವೂ ನೆನಪಿಲ್ಲ, ಅವರ ಬಿಳಿ ಮುಂಡು, ಮುಖ ಒಳಗೆ ಮಾಡಿ ಕಟ್ಟಿಕೊಳ್ತಿದ್ದ ವಾಚು ಮಾತ್ರ ಹಾಗೇ ಉಂಟು.

ಕಾಸರಗೋಡಿನ ಬದಿಯಡ್ಕ ಕಡೆಯವರಿಗೆ ಕಟ್ಟ ಅಂದ್ರೆ ಗೊತ್ತು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬಿದ್ರೂ ಮಾರ್ಚಲ್ಲಿ ಬಾವಿಯ ತಳ ಕಾಣುವ ಊರು ನಮ್ಮದು, ಅದಕ್ಕೆ ಮಳೆ ನಿಂತ ಮೇಲೆ ತೋಡಿಗೆ ಅಡ್ಡ ಕಲ್ಲು ಮಣ್ಣು ಹಾಕಿ ತೋಟದವ್ರೆಲ್ಲ ಸೇರಿ ನೀರು ನಿಲ್ಲಿಸ್ತಿದ್ರು. ಶಾಲೆ ಹಿಂದಿನ ಕಟ್ಟದಲ್ಲಿ ಒಂದು ಕಲ್ಲು ತೆಗೆದ್ರೆ ಎಂತ ಆಗ್ತದೆ ನೋಡುವ ಅಂತ ಮಧ್ಯಾಹ್ನ ಬುತ್ತಿ ತಿಂದು ನಾವು ಮೂರು ಜನ ಇಳಿದೆವು. ಮೊದಲು ನೂಲಿನಷ್ಟು ಕೆಂಪು ನೀರು, ಆಮೇಲೆ ಪೆನ್ಸಿಲಿನಷ್ಟು, ಬೆಲ್ ಹೊಡೆಯುವಷ್ಟರಲ್ಲಿ ನಡು ಕಟ್ಟವೇ ಇಲ್ಲ! ಕೆಳಗೆ ಬಟ್ಟೆ ಒಗೀತಿದ್ದ ಅಕ್ಕನ ಬಕೆಟು, ಎರಡು ಲುಂಗಿ ನೀರುಪಾಲು.

ಹೆಡ್ಮಾಷ್ಟ್ರು ಬೆತ್ತ ತೆಗೆದದ್ದೇ, ಫಿಸಿಕ್ಸ್ ಮಾಷ್ಟ್ರು ಅಡ್ಡ ಬಂದು "ಇವ್ರೇ ಕಟ್ಲಿ" ಅಂದ್ರು. ಎರಡು ಶನಿವಾರ ಕಲ್ಲು ಹೊತ್ತೆವು. ಕಟ್ಟದ ಬಾಯಿ ಮುಚ್ಚುವ ಮೊದಲು ಮಾಷ್ಟ್ರು ನಿಲ್ಲಿಸಿದ್ರು. "ಒಡಿಲಿಕ್ಕೆ ಗೊತ್ತುಂಟು, ಎಷ್ಟು ನೀರು ಹೋಗ್ತಾ ಉಂಟು ಗೊತ್ತುಂಟಾ ಮಾರಾಯ?" ಅಡಿಕೆ ಹಾಳೆಯ ತುಂಡು ನೀರಲ್ಲಿ ತೇಲಿ ಬಿಡಿಸಿದ್ರು, 10 ಮೀಟರ್ ಹೋಗ್ಲಿಕ್ಕೆ 25 ಸೆಕೆಂಡ್, ತೋಡಿನ ಅಗಲ 2 ಮೀಟರ್, ಆಳ 30 ಸೆಂಟಿಮೀಟರ್. ನಾನು ಫಟ್ಟಂತ ಗುಣಿಸಿ ಸೆಕೆಂಡಿಗೆ 240 ಲೀಟರ್ ಅಂದೆ. "ಇಲ್ಲ, ಮೇಲಿನ ನೀರಿಗೆ ಅವಸರ, ಅಡಿಯದ್ದನ್ನು ಕಲ್ಲು ಹಿಡ್ಕೊಳ್ತದೆ, ನೂರಕ್ಕೆ ಎಂಬತ್ತೈದು ಹಿಡಿ." ಸೆಕೆಂಡಿಗೆ ಸುಮಾರು 200 ಲೀಟರ್.

ಮುಂದೆ ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜಲ್ಲಿ (ಆಗ ಕೆಆರ್‌ಇಸಿ, ಎನ್‌ಐಟಿ ಆದದ್ದು 2002ರಲ್ಲಿ) ಅದೇ 0.85 ಬೋರ್ಡಿನ ಮೇಲೆ ಬಂತು. ಕನ್ನಡ ಮೀಡಿಯಂನವ ಅಂತ ಬಾಯಿ ಬಿಡದೆ ಕೂತಿದ್ದ ನಾನು ಅವತ್ತು ಕೈ ಎತ್ತಿದೆ, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಕ್ಲಾಸಿಗೇ ಹೆಚ್ಚು ಮಾರ್ಕೂ ನನಗೇ, ಹೇಳ್ಕೊಳ್ಬಾರ್ದು, ಆದ್ರೂ. ಮದ್ರಾಸ್ ಐಐಟಿಯಲ್ಲಿ ಹೈಡ್ರಾಲಿಕ್ಸ್ ಓದುವಾಗ ಮಣ್ಣಿನ ಅಣೆಕಟ್ಟು ಒಳಗಿಂದೊಳಗೆ ಮಣ್ಣು ಕೊಚ್ಚಿಹೋಗಿ ಒಡೆಯೋದಕ್ಕೆ ಪೈಪಿಂಗ್ ಅಂತಾರೆ ಅಂತ ಪಾಠ ಆಯ್ತು, ಕ್ಲಾಸಲ್ಲಿ ನಾನೊಬ್ಬನೇ ನಕ್ಕದ್ದು.

ಈಗ ನನ್ನ ಹತ್ರ ಬರುವ ಹುಡುಗ್ರು ಕಂಪ್ಯೂಟರಲ್ಲಿ ನೆರೆಯ ಬಣ್ಣಬಣ್ಣದ ಚಿತ್ರ ತೆಗೀತಾರೆ, ನೀರಿನ ವೇಗ ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರಕ್ಕೆ ಎನ್ (ತೋಡಿನ ತಳ ಎಷ್ಟು ಒರಟು ಅನ್ನುವ ಸಂಖ್ಯೆ) ಎಷ್ಟು ಹಾಕಿದ್ದಿ, ಯಾಕೆ ಅಂತ ಕೇಳಿದ್ರೆ "ಟೇಬಲಲ್ಲಿತ್ತು ಸರ್". ತೋಡಿನ ಕಲ್ಲಿಗೆ ಕಾಲು ತಾಗಿಸಿದವ್ರಲ್ಲ. ಅವರದ್ದೂ ತಪ್ಪಲ್ಲ, ಈಗ ಮಕ್ಕಳನ್ನು ತೋಡಿಗೆ ಇಳಿಸಿದ್ರೆ ಮಾಷ್ಟ್ರ ಮೇಲೇ ಕಂಪ್ಲೇಂಟು.

ಮಾಷ್ಟ್ರಿಗೆ ಒಂದು ವಿಷಯ ಹೇಳ್ಲಿಕ್ಕೆ ಬಾಕಿ ಆಯ್ತು. ಆ ಕಲ್ಲು ಎಳೆದವ ಈಗ ದುಬೈಯಲ್ಲಿರುವ ನಮ್ಮ ದೋಸ್ತಿ ಅಂತ ನಾನು ಅವತ್ತು ಹೇಳಿದ್ದೆ, ಪಾಪ ಅವ ಸುಮ್ಮನಿದ್ದ. ಎಳೆದದ್ದು ನಾನು. ಇದು ಬರುವ ಮ್ಯಾಗಜಿನ್ ಅವನಿಗೂ ಹೋಗ್ತದೆ, ಫೋನ್ ಮಾಡಿ ಬೈತಾನೆ.